ಮನ್ಸೂರ್‌ನ ಹದಿನೈದು ಡಿಗ್ರಿ

ಮನ್ಸೂರ್ ಡೋಗರ್ ಅಂಗಿ ಬಿಚ್ಚಿ ಲ್ಯಾಬಿನ ನಡುವೆ ನಿಂತಾಗ ನೀಲಾಂಬಿಕಾ ಅವನ ಬಲಗೈಯನ್ನಷ್ಟೇ ನೋಡಿದಳು. ಭುಜ, ಮೊಣಕೈ, ಮಣಿಕಟ್ಟುಗಳ ಮೇಲೆ ಹೊಳೆಯುವ ಸಣ್ಣ ಗುಂಡುಗಳನ್ನು ಒಂದೊಂದಾಗಿ ಅಂಟಿಸಿದಳು. ಸುತ್ತಲಿನ ಹನ್ನೆರಡು ಕ್ಯಾಮೆರಾಗಳಿಗೆ ಕಾಣುವುದು ಆ ಗುಂಡುಗಳು ಮಾತ್ರ. ಮಿಷಿಗನ್‌ನ ಫಾರ್ಮಿಂಗ್ಟನ್ ಹಿಲ್ಸ್ ಹತ್ತಿರದ ಆ ಆಸ್ಪತ್ರೆಯಲ್ಲಿ ಅವಳು ಹತ್ತು ವರ್ಷದಿಂದ ಎಂಜಿನಿಯರ್. ಪಾರ್ಶ್ವವಾಯು ಬಡಿದವರು ಹೇಗೆ ಹೆಜ್ಜೆ ಎತ್ತಿಡುತ್ತಾರೆ ಎಂದು ಅಳೆಯುವುದು ಅವಳ ಕೆಲಸ. ಬೌಲರ್ ಒಬ್ಬನನ್ನು ಅಳೆಯುತ್ತಿದ್ದುದು ಅದೇ ಮೊದಲು.

ಇದಕ್ಕೆಲ್ಲ ಕಾರಣ ಅವಳ ಗಂಡ ರಾಜಶೇಖರ್. ಹುಬ್ಬಳ್ಳಿಯವನು, ಕ್ಯಾಂಟನ್‌ನ ವಾರಾಂತ್ಯದ ಕ್ರಿಕೆಟ್ ಕ್ಲಬ್ಬಿಗೆ ನಾಯಕ. ಮನ್ಸೂರ್ ಆ ಕ್ಲಬ್ಬಿನ ಆಫ್ ಸ್ಪಿನ್ನರ್.

"ನೀಲಾ, ಮನ್ಸೂರ್‌ನ ಕೈ ಒಂದ್ಸಲ ನಿಮ್ಮ ಲ್ಯಾಬ್‌ನ್ಯಾಗ ನೋಡಾಕ ಆಗ್ತದೇನು?" ಎಂದು ಅವನು ಕೇಳಿದ್ದ.

"ನಾವು ನಡಿಗಿ ಅಳೀತೀವ್ರಿ. ಬೌಲಿಂಗ್ ಅಲ್ಲ."

"ಮೊಣಕೈ ಯಾರದಾದ್ರೂ ಮೊಣಕೈನ ಅಲ್ಲೇನು? ಪಾಪ, ಅಮೆರಿಕಾ ಟೀಮಿನ ಕ್ಯಾಂಪಿಗೆ ಕರದಾರ. ಹಳೇ ಕೇಸ್ ಐತಿ ಅಂತ ರಿಪೋರ್ಟ್ ಕೇಳ್ಯಾರ."

ಆ ಹಳೆಯ ಕೇಸು ನೀಲಾಂಬಿಕಾಗೆ ಗೊತ್ತಿತ್ತು. ಶೇಖುಪುರದ ಗಲ್ಲಿಯಲ್ಲಿ ಟೇಪ್ ಸುತ್ತಿದ ಟೆನಿಸ್ ಚೆಂಡು ತಿರುಗಿಸಲು ಕಲಿತ ಮನ್ಸೂರ್ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಪಾಕಿಸ್ತಾನದ ಪರ ಟೆಸ್ಟ್ ಆಡಿದ. ಎರಡನೆಯ ಟೆಸ್ಟಿನಲ್ಲೇ ಐದು ವಿಕೆಟ್. ಅವನ ಬಲವೆಲ್ಲ ಇದ್ದುದು ದೂಸ್ರಾದಲ್ಲಿ. ಕೈ ಅದೇ, ಓಟ ಅದೇ, ಆದರೆ ಒಳಕ್ಕೆ ಬರಬೇಕಾದ ಚೆಂಡು ಹೊರಕ್ಕೆ ಹೋಗುತ್ತಿತ್ತು. ಏಳನೆಯ ಟೆಸ್ಟ್ ಮುಗಿದ ಸಂಜೆ ಅಂಪೈರ್‌ಗಳು ಅವನ ಮೇಲೆ ದೂರು ಬರೆದರು. ಚೆಂಡು ಬಿಡುವಾಗ ಮೊಣಕೈ ಹದಿನೈದು ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು, ಹಾಗಾದರೆ ಅದು ಬೌಲಿಂಗ್ ಅಲ್ಲ, ಎಸೆತ. ಪರೀಕ್ಷೆಯಲ್ಲಿ ಅವನದು ಇಪ್ಪತ್ತನಾಲ್ಕು ಡಿಗ್ರಿ ಬಂತು. ನಿಷೇಧವಾಯಿತು. ಎಂಟು ತಿಂಗಳು ಗೋಡೆಯೆದುರು ನಿಂತು ಕೈ ತಿದ್ದಿಕೊಂಡ. ಮರಳಿ ಬಂದು ಆಡಿದ್ದು ಎರಡೇ ಏಕದಿನ ಪಂದ್ಯ. ದೂಸ್ರಾ ಇಲ್ಲದ ಮನ್ಸೂರ್‌ನನ್ನು ಬ್ಯಾಟ್ಸ್‌ಮನ್‌ಗಳು ಕಾದು ಕಾದು ಹೊಡೆದರು. ಹತ್ತು ಓವರಿಗೆ ಎಂಬತ್ತೊಂದು ರನ್. ಆಮೇಲೆ ಯಾರೂ ಕರೆಯಲಿಲ್ಲ. ಹೆಂಡತಿಯ ಅಣ್ಣ ಮಿಷಿಗನ್‌ನಲ್ಲಿದ್ದ. ಇಲ್ಲಿಗೆ ಬಂದು ಕಾರಿನ ಸೀಟು ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದ. ಈಗ ಮೂವತ್ತೇಳು.

ಲ್ಯಾಬಿನಲ್ಲಿ ಅವನು ಹದಿನೆಂಟು ಚೆಂಡು ಹಾಕಿದ. ನೀಲಾಂಬಿಕಾ ಪರದೆಯ ಮೇಲಿನ ಅಂಕಿ ಓದುತ್ತ ಹೋದಳು. ಒಂಬತ್ತು, ಹನ್ನೊಂದು, ಹತ್ತು. ಹನ್ನೆರಡು ದಾಟಲಿಲ್ಲ.

"ಇನ್ನು ದೂಸ್ರಾ ಹಾಕಿ, ಮನ್ಸೂರ್ ಭಾಯ್," ಎಂದಳು. ಅವರಿಬ್ಬರ ಮಾತು ಹಿಂದಿಯಲ್ಲಿ.

ಅವನು ಚೆಂಡನ್ನು ಎಡಗೈಗೆ ಬದಲಿಸಿಕೊಂಡ. "ಅದನ್ನ ಬಿಟ್ಟು ಹನ್ನೊಂದು ವರ್ಷ ಆಯ್ತು, ಭಾಭಿ. ಹಾಕೋದೇ ಇಲ್ಲ ಅಂದಮೇಲೆ ಅಳೆಯೋದು ಯಾಕೆ?"

"ಹಾಗಾದ್ರೆ ದೂಸ್ರಾ ಅಳೆದಿಲ್ಲ ಅಂತ ಬರೀತೀನಿ."

"ಬರೀರಿ," ಎಂದ. ಅವಳು ಹಾಗೆಯೇ ಬರೆದಳು.

ಮುಂದಿನ ವಾರ ಮೂವರೂ ಒಂದೇ ಕಾರಿನಲ್ಲಿ ಶಿಕಾಗೋ ಕಡೆ ಹೊರಟರು. ಲೊಂಬಾರ್ಡ್‌ನಲ್ಲಿ ರಾಜಶೇಖರ್‌ನ ಗೆಳೆಯನ ಅಪಾರ್ಟ್‌ಮೆಂಟ್‌ನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಆಯ್ಕೆಯ ಪಂದ್ಯಕ್ಕೆ ಹೋದರು. ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಬೌಂಡರಿಯಾಚೆ ಟೆಂಟಿನ ಕೆಳಗೆ ಮೂವರು ಆಯ್ಕೆಗಾರರು ಕೂತಿದ್ದರು. ನೀಲಾಂಬಿಕಾ ಮಡಚುವ ಕುರ್ಚಿಯನ್ನು ಸ್ಕ್ವೇರ್ ಲೆಗ್ ಅಂಪೈರ್‌ನ ಹಿಂದೆ, ಹಗ್ಗದ ಆಚೆ ಹಾಕಿಕೊಂಡಳು. ಬೌಲರ್‌ನ ಬಲಗೈ ಪಕ್ಕದಿಂದ ಪೂರ್ತಿ ಕಾಣುವ ಜಾಗ ಅದು. ಬೇಕೆಂದೇ ಅಲ್ಲಿ ಕೂತಳೇ ಎಂದು ಆಮೇಲೆ ಅವಳೇ ತನ್ನನ್ನು ಕೇಳಿಕೊಂಡದ್ದುಂಟು.

ಕೊನೆಯ ಓವರ್ ಮನ್ಸೂರ್‌ನ ಕೈಗೆ ಬಂತು. ಎದುರಾಳಿಗಳಿಗೆ ಬೇಕಿದ್ದುದು ಒಂಬತ್ತು ರನ್, ಉಳಿದಿದ್ದುದು ಒಂದೇ ವಿಕೆಟ್. ಅಲ್ಲಿಯವರೆಗೆ ಮೂರು ಓವರ್ ಹಾಕಿದ್ದ ಅವನಿಗೆ ಒಂದೂ ವಿಕೆಟ್ ಸಿಕ್ಕಿರಲಿಲ್ಲ. ಮೊದಲ ಚೆಂಡಿಗೆ ಒಂದು ರನ್. ಎರಡನೆಯದನ್ನು ಇನ್ನೊಬ್ಬ ಬ್ಯಾಟ್ಸ್‌ಮನ್ ಮಿಡ್‌ವಿಕೆಟ್ ಕಡೆ ಎತ್ತಿ ಬೌಂಡರಿಗೆ ಕಳಿಸಿದ. ಟೆಂಟಿನಲ್ಲಿ ಒಬ್ಬ ಆಯ್ಕೆಗಾರ ಪೆನ್ನು ಕೆಳಗಿಟ್ಟ. ಮೂರನೆಯದು ರನ್ನಿಲ್ಲ. ಮೂರು ಚೆಂಡಿಗೆ ನಾಲ್ಕು ರನ್ ಬೇಕು.

ಮನ್ಸೂರ್ ಗುರುತಿನ ಹತ್ತಿರ ಹಿಂದಿರುಗಿ ಒಂದು ಕ್ಷಣ ನಿಂತ. ಚೆಂಡನ್ನು ಪ್ಯಾಂಟಿಗೆ ಉಜ್ಜಿದ. ನೀಲಾಂಬಿಕಾಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಲಾಗಲಿಲ್ಲ. ಅವನು ಓಡಿ ಬಂದ. ಕೈ ಮೇಲೆ ಹೋಗುವಾಗ ಮೊಣಕೈ ಮಡಚಿತ್ತು, ಚೆಂಡು ಬಿಡುವ ಹೊತ್ತಿಗೆ ಚಟ್ಟನೆ ನೆಟ್ಟಗಾಯಿತು. ಬ್ಯಾಟ್ಸ್‌ಮನ್ ಮುನ್ನುಗ್ಗಿ ಬೀಸಿದ. ಚೆಂಡು ಹೊರಕ್ಕೆ ತಿರುಗಿ ಕೀಪರ್‌ನ ಕೈ ಸೇರಿತು. ಬೇಲ್ಸ್ ಹಾರಿದವು. ಸ್ಕ್ವೇರ್ ಲೆಗ್ ಅಂಪೈರ್‌ನ ಕಣ್ಣು ಮೊಣಕೈ ಮೇಲಲ್ಲ, ಕ್ರೀಸಿನ ಮೇಲಿತ್ತು, ಅವನು ಬೆರಳೆತ್ತಿದ. ಆಟಗಾರರೆಲ್ಲ ಮನ್ಸೂರ್‌ನ ಮೇಲೆ ಬಿದ್ದರು. ಆಯ್ಕೆಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗುಂಪಿನ ನಡುವಿನಿಂದ ಮನ್ಸೂರ್ ಹಗ್ಗದಾಚೆಯ ಕುರ್ಚಿಯ ಕಡೆ ನೋಡಿದ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ.

ವಾಪಸು ಬರುವಾಗ ರಾಜಶೇಖರ್ ಒಬ್ಬನೇ ಮಾತಾಡಿದ. ತೊಂಬತ್ತನಾಲ್ಕನೆಯ ನಂಬರಿನ ಹೈವೇಯ ರೆಸ್ಟ್ ಏರಿಯಾದಲ್ಲಿ ಅವನು ಕಾಫಿ ತರಲು ಇಳಿದು ಹೋದ. ಕಾರಿನಲ್ಲಿ ಇಬ್ಬರೇ ಉಳಿದರು.

ಮನ್ಸೂರ್ ಹಿಂದಿನ ಸೀಟಿನಿಂದ ಕೇಳಿದ: "ಎಷ್ಟಿತ್ತು ಅನಿಸ್ತು?"

"ಕಣ್ಣಲ್ಲಿ ಅಳೆಯೋಕಾಗಲ್ಲ. ಇಪ್ಪತ್ತರ ಹತ್ತಿರ ಇರಬಹುದು."

"ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ, ಭಾಭಿ. ಹಾಕಬೇಕು ಅಂತ ಹೊರಟಿರಲಿಲ್ಲ. ಅವನು ಫೋರ್ ಹೊಡೆದಾಗ ಆ ಟೆಂಟ್ ಕಡೆ ನೋಡಿದೆ. ಕೈ ತಾನೇ ಹಾಕಿಬಿಡ್ತು."

"ಕೈ ತಾನೇ ಹಾಕಲ್ಲ, ಮನ್ಸೂರ್ ಭಾಯ್. ನನ್ನ ಹತ್ತಿರ ದಿನಾ ಕೈ ಮಾತು ಕೇಳದವರು ಬರ್ತಾರೆ. ನಿಮ್ಮ ಕೈ ಚೆನ್ನಾಗಿ ಮಾತು ಕೇಳುತ್ತೆ."

ಅವನು ಮುಂದಕ್ಕೆ ಬಾಗಿದ. "ಯಾರಿಗಾದ್ರೂ ಹೇಳ್ತೀರಾ?"

"ಇಲ್ಲ. ನಾನು ಅಂಪೈರ್ ಅಲ್ಲ. ಆದ್ರೆ ಆಯ್ಕೆಗಾರರ ಕೈಲಿರೋ ಕಾಗದದ ಮೇಲೆ ನನ್ನ ಸಹಿ ಇದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಲ್ಯಾಬ್ ಖಾಲಿ ಇರುತ್ತೆ."

ರಾಜಶೇಖರ್ ಮೂರು ಕಾಫಿ ಹಿಡಿದು ಬಂದ. ಮನ್ಸೂರ್ ಆಗಲಿ ಅವಳಾಗಲಿ ಮತ್ತೆ ಆ ವಿಷಯ ಎತ್ತಲಿಲ್ಲ. ಕ್ಯಾಂಟನ್‌ನಲ್ಲಿ ಮನೆ ಮುಂದೆ ಇಳಿದಾಗ ಮನ್ಸೂರ್ ಇಬ್ಬರಿಗೂ ಶುಕ್ರಿಯಾ ಹೇಳಿದ, ಅವಳ ಕಡೆ ನೋಡಲಿಲ್ಲ.

ಗುರುವಾರ ಆಯ್ಕೆಯ ಇಮೇಲ್ ಬಂತು. ಮುಂದಿನ ಸರಣಿಯ ಹದಿನೈದು ಜನರಲ್ಲಿ ಮನ್ಸೂರ್ ಇದ್ದ. ರಾಜಶೇಖರ್ ಕುಣಿದಾಡಿಬಿಟ್ಟ. ನೀಲಾಂಬಿಕಾ ತಿರುಗಿ ನೋಡದೆ ಒಲೆಯ ಮೇಲಿನ ರೊಟ್ಟಿ ಮಗುಚಿದಳು.

"ಯಾಕ ನೀಲಾ, ಖುಷಿ ಇಲ್ಲೇನು?"

"ಶನಿವಾರ ಆಗ್ಲಿ ತಡೀರಿ," ಎಂದಷ್ಟೇ ಹೇಳಿದಳು.

ಶನಿವಾರ ಹತ್ತಾಯಿತು. ಹತ್ತೂವರೆಯಾಯಿತು. ಅವಳು ಕ್ಯಾಮೆರಾಗಳನ್ನು ಎರಡು ಸಲ ಸರಿಹೊಂದಿಸಿದಳು. ಇನ್ನು ಆರಿಸೋಣ ಎಂದು ಸ್ವಿಚ್ಚಿನ ಬಳಿ ಹೋಗುವಾಗ ಬಾಗಿಲು ತೆರೆಯಿತು. ಮನ್ಸೂರ್ ಕಾರ್ಖಾನೆಯ ಅಂಗಿಯಲ್ಲೇ ಬಂದಿದ್ದ.

"ಕಾರಲ್ಲೇ ಕೂತಿದ್ದೆ. ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಷ್ಟಾದ್ಮೇಲೂ ಒಳಗೆ ಹೋಗೋಕೆ ಯೋಚನೆ ಬೇಕಾ ಅಂದಳು," ಎಂದು ಅಂಗಿ ಬಿಚ್ಚಿದ.

ಆರು ದೂಸ್ರಾ ಹಾಕಿದ. ಹತ್ತೊಂಬತ್ತು, ಇಪ್ಪತ್ತೊಂದು, ಹದಿನೆಂಟು. ಒಂದು ಇಪ್ಪತ್ತಮೂರೂ ಬಂತು. ಪ್ರತಿ ಅಂಕಿಯನ್ನೂ ಅವಳು ಗಟ್ಟಿಯಾಗಿ ಓದಿದಳು, ಅವನು ತಲೆ ಅಲ್ಲಾಡಿಸಿದ. ವರದಿ ಮುದ್ರಿಸಿ ಕೊಟ್ಟಾಗ ಕೆಳಗೆ ತನ್ನ ಕೈಯಿಂದಲೇ ಒಂದು ಸಾಲು ಸೇರಿಸಿದ: ಆಯ್ಕೆ ಪಂದ್ಯದ ಕೊನೆಯ ವಿಕೆಟ್ ಈ ಚೆಂಡಿನಲ್ಲಿ ಬಂದದ್ದು. ಅಲ್ಲೇ ನಿಂತು ಫೋಟೋ ತೆಗೆದು ಆಯ್ಕೆಗಾರರಿಗೆ ಕಳಿಸಿದ. ಆಮೇಲೆ ಅಂಗಿ ಹಾಕಿಕೊಂಡು ಹೊರಟ.

ಹತ್ತೊಂಬತ್ತು ದಿನ ಉತ್ತರವಿಲ್ಲ. ಮನ್ಸೂರ್ ನೆಟ್ಸ್‌ಗೆ ಬರುತ್ತಿದ್ದ, ಹಾಕುತ್ತಿದ್ದ, ಯಾರೊಂದಿಗೂ ಬೆರೆಯದೆ ಹೋಗುತ್ತಿದ್ದ. ಗಂಡನಿಗೆ ನೀಲಾಂಬಿಕಾ ಎಲ್ಲವನ್ನೂ ಹೇಳಿದಳು. ರಾಜಶೇಖರ್ ಎರಡು ದಿನ ಮುಖ ಊದಿಸಿಕೊಂಡಿದ್ದ. "ನಿನಗ್ಯಾಕ ಬೇಕಿತ್ತು," ಎಂದ. ಮೂರನೆಯ ದಿನ ತಾನೇ ಚಹಾ ಮಾಡಿ ತಂದ. "ಅಂವಾ ಮಾಡಿದ್ದು ನನ್ನಿಂದ ಆಗ್ತಿರಲಿಲ್ಲ," ಎಂದ.

ಕೊನೆಗೆ ಬಂದ ಉತ್ತರ ನಾಲ್ಕು ಸಾಲಿನದು. ಆಯ್ಕೆ ಉಳಿದಿದೆ. ದೂಸ್ರಾ ಹಾಕಕೂಡದು. ಒಮ್ಮೆ ಹಾಕಿದರೂ ತಂಡದಿಂದ ಹೊರಗೆ.

ಟೆಕ್ಸಾಸ್‌ನಲ್ಲಿ ಅವನು ಅಮೆರಿಕಾದ ಪರ ಎರಡು ಪಂದ್ಯ ಆಡಿದ. ಮೊದಲನೆಯದರಲ್ಲಿ ವಿಕೆಟ್ ಸಿಗಲಿಲ್ಲ. ಎರಡನೆಯದನ್ನು ನೀಲಾಂಬಿಕಾ ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿದಳು. ಎಡಗೈ ಬ್ಯಾಟ್ಸ್‌ಮನ್ ಒಬ್ಬ ಅವನ ಎರಡು ಚೆಂಡುಗಳನ್ನು ಸಾಲಾಗಿ ಬೌಂಡರಿಗೆ ಅಟ್ಟಿದ. ಮೂರನೆಯದಕ್ಕೆ ಮನ್ಸೂರ್ ಗುರುತಿನಲ್ಲಿ ಮತ್ತೆ ಹಾಗೆಯೇ ನಿಂತ. ಅವಳ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಅವನು ಬಂದ. ಕೈ ನೆಟ್ಟಗಿತ್ತು. ಸಾದಾ ಆಫ್ ಬ್ರೇಕ್, ಸ್ವಲ್ಪ ನಿಧಾನ. ಬ್ಯಾಟಿನ ಅಂಚು ಸವರಿ ಸ್ಲಿಪ್ಪಿನಲ್ಲಿದ್ದವನ ಕೈಗೆ ಹೋಯಿತು.

ಆ ವಿಕೆಟ್ ಬಿಟ್ಟರೆ ಬೇರೆ ಸಿಗಲಿಲ್ಲ. ಮುಂದಿನ ಪ್ರವಾಸಕ್ಕೆ ಇಪ್ಪತ್ತೆರಡರ ಹುಡುಗನೊಬ್ಬನನ್ನು ಆರಿಸಿದರು. ಮನ್ಸೂರ್‌ನ ಅಂತಾರಾಷ್ಟ್ರೀಯ ಆಟ ಅಲ್ಲಿಗೆ ಎರಡನೆಯ ಸಲ ಮುಗಿಯಿತು. ಅವನು ಭಾನುವಾರ ಊರಿಗೆ ಬಂದಿಳಿದ, ಸೋಮವಾರ ಬೆಳಿಗ್ಗೆ ಆರಕ್ಕೆ ಕಾರ್ಖಾನೆಗೆ ಹೋದ. ಮಧ್ಯಾಹ್ನ ನೀಲಾಂಬಿಕಾಗೆ ಫೋನ್ ಮಾಡಿ, ತನ್ನ ಮಾವನಿಗೆ ಪಾರ್ಶ್ವವಾಯು ಆಗಿ ಆರು ತಿಂಗಳಾಗಿದೆ, ಎಡಗಾಲು ಎಳೆಯುತ್ತಾರೆ, ನಿಮ್ಮಲ್ಲಿ ತೋರಿಸಬಹುದಾ ಎಂದು ಕೇಳಿದ. ಅವಳು ಬುಧವಾರ ಕರೆದುಕೊಂಡು ಬರಲು ಹೇಳಿದಳು.