ತುಂಬಿದ ಕೊಡ ಮತ್ತು ಹದಿನೆಂಟು ಇಂಚಿನ ಗಾಲಿ

ಗಾಲಿಯಕ್ಕನ ಮುತ್ತಜ್ಜ ಬಂಡಿಗಾಲಿ ಮಾಡುವವನು. ಗಾಲಿ ಬೇಕೆಂದು ಬಂದವರನ್ನು ಅವನು ಮರ ಯಾವುದು, ಅಳತೆ ಎಷ್ಟು ಎಂದು ಕೇಳುವ ಮೊದಲು, "ಬಂಡೀಲಿ ಕೂರೋರು ಯಾರು?" ಎಂದು ಕೇಳುತ್ತಿದ್ದ. ಗಾಲಿ ಸಿದ್ಧವಾದ ಮೇಲೆ ಕೂರುವ ಜಾಗದಲ್ಲಿ ಕಂಠಮಟ್ಟ ನೀರು ತುಂಬಿದ ಕೊಡವಿಟ್ಟು, ಬೀದಿಯ ತುದಿ ಮುಟ್ಟಿಸಿ ಬಂಡಿಯನ್ನು ವಾಪಸು ತರುತ್ತಿದ್ದ. ನೀರು ನಿಂತರೆ ಗಾಲಿ ಗೆದ್ದಂತೆ. ಚೆಲ್ಲಿದರೆ, ತಾನೇ ಮಾಡಿದ ಗಾಲಿಯನ್ನು ತಾನೇ ಕೊಡಲಿ ಹಿಡಿದು ಸೌದೆ ಮಾಡುತ್ತಿದ್ದ. ಒಬ್ಬ ಸಾಹುಕಾರ, "ಬೊಗಸೆ ನೀರು ಚೆಲ್ಲಿದ್ರೆ ಏನ್ ಮುಳುಗೋಯ್ತು, ಕೊಡಯ್ಯ" ಎಂದಾಗ, "ಕೊಡ ಮಾತಾಡಿದ ಮೇಲೆ ನಾನೂ ನೀವೂ ಬಾಯಿ ಮುಚ್ಕೊಂಡಿರಬೇಕು ಸ್ವಾಮಿ" ಎಂದುಬಿಟ್ಟನಂತೆ.

ಅವನ ಮಗ, ಅಂದರೆ ಅಕ್ಕನ ಅಜ್ಜ, ಸೈಕಲ್ ಗಾಲಿಯವನು. ಕಡ್ಡಿಗಳನ್ನು ಬೆರಳಲ್ಲಿ ಮೀಟಿ, ಸದ್ದು ಕೇಳಿ ಬಿಗಿ ಮಾಡುತ್ತಿದ್ದ. ಮುಪ್ಪಿನಲ್ಲಿ ಕಿವಿ ಹೋಯಿತು. "ನಾವು ಕೇಳಿ ಹೇಳ್ತೀವಿ" ಎಂದು ಮಕ್ಕಳು ಮುಂದೆ ಬಂದರೆ ಅವರನ್ನು ಅಟ್ಟಿ, ಗಾಲಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ದವಡೆಗೆ ಬರುವ ನಡುಕದಿಂದಲೇ ಕೆಲಸ ಸಾಗಿಸಿದ. ಅಪ್ಪ ಲಾರಿ ಟೈರಿನವನು. ಗಾಳಿ ತುಂಬುವಾಗ ಗಾಲಿಯಿಂದ ಸಿಡಿದ ಕಬ್ಬಿಣದ ರಿಂಗೊಂದು ಅವನ ಎರಡು ಬೆರಳು ಒಯ್ದಿತು. ಗಾಯ ಮಾಯುವ ಮೊದಲೇ ಅಂಗಡಿಗೆ ಬಂದ. ಯಾರೋ ಟೈರ್ ಬಿಚ್ಚುವ ಲಿವರ್ ಹಿಡಿಯಲು ಕೈ ಚಾಚಿದರೆ, "ಉಳಿದ ಎಂಟು ಬೆರಳು ಉಣ್ಣೋಕೆ ಬಂದಿರೋ ನೆಂಟರಾ?" ಎಂದು ಗದರಿದ.

ನೂಲಿನಂತೆ ಸೀರೆ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಟೈರ್ ಅಂಗಡಿ ಮಗಳ ಕೈಗೆ ಬಂತು. ಬೀದಿಯ ಮೂಲೆಯಲ್ಲಿ ಒಂದೇ ಶಟರಿನ ಅಂಗಡಿ; ಒಳಗೆ ಗಾಳಿ ತುಂಬುವ ಕಂಪ್ರೆಸರ್, ಪಂಕ್ಚರ್ ನೋಡುವ ನೀರಿನ ತೊಟ್ಟಿ, ಎಷ್ಟು ಗುಡಿಸಿದರೂ ಹೋಗದ ರಬ್ಬರಿನ ವಾಸನೆ. ಹುಡುಗಿಯಾಗಿದ್ದಾಗಲೇ ಬೀದಿಯವರು ಅವಳನ್ನು ಗಾಲಿಯಕ್ಕ ಎಂದು ಕರೆದರು. ಹುಟ್ಟಿದಾಗ ಇಟ್ಟ ಹೆಸರು ಗಂಡನ ನಾಲಗೆಗೂ ಬರುವುದಿಲ್ಲ.

ಆ ಗಂಡ ಬಸ್ ಡ್ರೈವರ್. ಮೊದಲ ಸಲ ಟೈರ್ ಪಂಕ್ಚರ್ ಎಂದು ಬಂದ. ಎರಡನೇ ಸಲವೂ ಹಾಗೇ ಬಂದ. ಮೂರನೇ ಸಲ ಟೈರನ್ನು ತೊಟ್ಟಿಯಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. "ಟೈರಿಗೇನೂ ಆಗಿಲ್ಲ. ನಿಮಗೇನಾಗಿದೆ?" ಎಂದು ಕೇಳಿದಳು. ಅವನು ಕಿವಿಯವರೆಗೂ ಕೆಂಪಾದ. ಮದುವೆಯಾಯಿತು.

ಮದುವೆಯಾದ ಹೊಸತರಲ್ಲಿ ಅವನು ಒಂದು ಮಾತು ಹೇಳಿದ್ದ. "ಬಸ್ಸಲ್ಲಿ ನನ್ನ ಬೆನ್ನ ಹಿಂದೆ ಊರೇ ಕೂರುತ್ತೆ ಕಣೇ. ಪಕ್ಕದಲ್ಲಿ ಮಾತ್ರ ಸೀಟೇ ಇಲ್ಲ. ಒಂದಿನ ಎರಡೇ ಸೀಟಿನ ಗಾಡಿ ಓಡಿಸ್ಬೇಕು. ಒಂದು ನಂದು, ಒಂದು ನಿಂದು."

ಅವಳು ನಕ್ಕು ಸುಮ್ಮನಾಗಲಿಲ್ಲ. ಯಾರೋ ಗುಂಡಿಗೆ ಇಳಿಸಿ ಸೊಟ್ಟ ಮಾಡಿಕೊಂಡು ಬಿಟ್ಟುಹೋಗಿದ್ದ ಹದಿನೆಂಟು ಇಂಚಿನ ನಾಲ್ಕು ಗಾಲಿಗಳನ್ನು ಬಿಡುವಾದಾಗೆಲ್ಲ ನೆಟ್ಟಗೆ ಮಾಡಿ, ಉಜ್ಜಿ, ಅಂಗಡಿಯ ಗೋಡೆಗೆ ತೂಗುಹಾಕಿದಳು. ಅಗಲವಾದ, ತೆಳು ಕಡ್ಡಿಗಳ, ಓಟದ ಗಾಡಿಗೆಂದೇ ಎರಕ ಹೊಯ್ದ ಗಾಲಿಗಳು. ಗಿರಾಕಿಗಳು ಕೇಳಿದರೆ, "ಅವಕ್ಕೆ ಗಾಡಿ ಬರೋದಿದೆ" ಎನ್ನುತ್ತಿದ್ದಳು. ಎದುರು ಅಂಗಡಿಯ ಟೈಲರ್ ವರ್ಷಗಟ್ಟಲೆ ಇದನ್ನೇ ಆಡಿಕೊಂಡ. "ಏನಕ್ಕಾ, ಗಾಡಿ ಬರೋ ಹಂಗೆ ಕಾಣೆ. ಗೋಡೇನೇ ಓಡಿಸ್ತೀರೋ ಹೆಂಗೆ?"

ಗಾಡಿ ಬಂತು. ಕೆಲಸದಿಂದ ನಿವೃತ್ತನಾದ ಡ್ರೈವರ್ ಗುಜರಿಯಿಂದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಎಳೆಸಿ ತಂದ. ಅಂಗಡಿಯ ಹಿಂದಿನ ಮನೆಯ ಹಿತ್ತಲಲ್ಲಿ, ಶೀಟಿನ ಮಾಡಿನ ಕೆಳಗೆ ಅದರ ಪಕ್ಕ ಮಲಗಿ, ಅದರಡಿ ತೂರಿ, ಎಂಜಿನ್ ಬಿಚ್ಚಿ ಕಟ್ಟಿ, ಕಡುಹಸಿರು ಬಣ್ಣ ಹೊಡೆದು, ಅದನ್ನು ಉಸಿರಾಡುವಂತೆ ಮಾಡಿದ. ಅಷ್ಟರಲ್ಲಿ ಅಂಗಡಿಯಲ್ಲಿ ಆಗಬಾರದ್ದು ಆಗಿಹೋಯಿತು. ಗೋಡೆಗೆ ಒರಗಿಸಿದ್ದ ಲಾರಿ ಗಾಲಿ ಜಾರಿ ಗಾಲಿಯಕ್ಕನ ಸೊಂಟದ ಮೇಲೆ ಬಿತ್ತು. ಆಪರೇಷನ್ ಮಾಡಿ ಕೀಲಿಗೆ ಲೋಹದ ಗುಂಡು ಕೂರಿಸಿದರು. "ನಡೀರಿ, ಕೂರಿ, ಕೆಲಸಾನೂ ಮಾಡಿ. ಆದ್ರೆ ಜೋರಾಗಿ ಕುಲುಕಬಾರದು. ಇನ್ನೊಂದು ಪೆಟ್ಟು ಬಿದ್ರೆ ಹಾಸಿಗೇನೇ ಗತಿ" ಎಂದು ಡಾಕ್ಟರಮ್ಮ ಎಚ್ಚರಿಸಿದರು. ಗಂಡ ಊರುಗೋಲು ತಂದ. ಅವಳು ಅದನ್ನು ಮೂಲೆಗಿಟ್ಟು, ಟೈರ್ ಬಿಚ್ಚುವ ಉದ್ದನೆಯ ಲಿವರನ್ನೇ ಊರಿಕೊಂಡು ಓಡಾಡಿದಳು.

ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಗಾಲಿ ಹಾಕುವ ದಿನ ಬಂತು. ಗಾಲಿಯಕ್ಕ ಗೋಡೆಯ ಕಡೆ ಕೈ ತೋರಿಸಿದಳು. "ಇಳಿಸಿ ಅವನ್ನ."

ಡ್ರೈವರ್ ತಲೆ ಕೆರೆದುಕೊಂಡ. "ಅಲ್ಲ ಕಣೇ... ಗಾಡಿ ಜತೆ ಬಂದ ಹದಿನೈದು ಇಂಚಿನವೇ ಇದ್ವಲ್ಲ. ತುಕ್ಕು ತೆಗೆದಿದೀನಿ. ಅವೇ ಸಾಕು."

"ಹುಲಿ ಕಾಲಿಗೆ ಬೆಕ್ಕಿನ ಪಾದ! ನಾಲ್ಕು ಜನ ನೋಡಿ ನಗಲ್ವಾ?"

"ನಗೋದಲ್ಲ. ಹದಿನೆಂಟು ಹಾಕಿದ್ರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ಉಜ್ಜುತ್ತೆ. ಅಳತೆ ನೋಡಿದೀನಿ."

ಅವಳು ಅವನ ಮುಖ ನೋಡಿದಳು. ಅವನು ಕಾರಿನ ಮೂತಿ ನೋಡಿದ. ಹೊರಗಿನ ಎತ್ತರ ಹದಿನೈದಕ್ಕೂ ಹದಿನೆಂಟಕ್ಕೂ ಹೆಚ್ಚು ಕಡಿಮೆ ಒಂದೇ ಬರುವ ಹಾಗೆ ಟೈರ್ ಆರಿಸುತ್ತಾರೆ ಎಂಬುದು ಅವಳಿಗೆ ಅ ಆ ಇ ಈ ಇದ್ದ ಹಾಗೆ. ಒಳಗಿನ ಲೋಹ ದೊಡ್ಡದಾದಷ್ಟೂ ಅದರ ಸುತ್ತಲ ರಬ್ಬರ್ ಗೋಡೆ ತೆಳ್ಳಗಾಗಿ ರಸ್ತೆಯ ಕುಲುಕು ಸೀಟಿಗೆ ಬರುತ್ತದೆ, ಅಷ್ಟೇ. ಉಜ್ಜುವುದಿದ್ದರೆ ಅಗಲದಿಂದ ಮಾತ್ರ. ಅದನ್ನು ಬಾಯಲ್ಲಿ ವಾದ ಮಾಡುವವಳಲ್ಲ ಅವಳು. ಅಡುಗೆಮನೆಗೆ ಹೋಗಿ ಕಲಸಿದ ಹಿಟ್ಟು ತಂದಳು. ಉಂಡೆ ಕಟ್ಟಿ ಮಡ್‌ಗಾರ್ಡಿನ ಒಳಮೈಗೆ ಅಲ್ಲಲ್ಲಿ ಮೆತ್ತಿದಳು. ಸ್ಟೂಲಿನ ಮೇಲೆ ಕೂತು, ಗಾಲಿಯಡಿಗೆ ಲಿವರ್ ಕೊಟ್ಟು ಮೀಟಿ ಎತ್ತಿ, ತೆಳು ಟೈರ್ ತೊಡಿಸಿದ ಹದಿನೆಂಟರ ನಾಲ್ಕನ್ನೂ ಏರಿಸಿ ನಟ್ಟು ಬಿಗಿದಳು. ಗಂಡ ಕೈ ಹಾಕಲು ಬಂದಾಗ ಲಿವರ್ ತುದಿಯಿಂದಲೇ ದೂರ ನಿಲ್ಲಿಸಿದಳು. ಕಾರನ್ನು ಜಾಕಿನಿಂದ ಇಳಿಸಿ, ಮೂತಿಯನ್ನು ಒತ್ತಿ ಒತ್ತಿ ಕುಣಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಮುಟ್ಟ ತಿರುಗಿಸಿದಳು. ಆಮೇಲೆ ಕೈ ತೂರಿಸಿ ಉಂಡೆಗಳನ್ನು ಒಂದೊಂದಾಗಿ ಕಿತ್ತು ತಂದು ಅವನ ಅಂಗೈಯಲ್ಲಿಟ್ಟಳು. ಉಂಡೆಗಳು ಮೆತ್ತಿದ ಹಾಗೇ ದುಂಡಗಿದ್ದವು. ಒಂದರ ಮೇಲೂ ರಬ್ಬರಿನ ಗೀರಿರಲಿಲ್ಲ.

"ಎಲ್ಲಿ ಉಜ್ಜಿದೆ ತೋರಿಸಿ."

ಅವನು ಉಂಡೆಗಳನ್ನು ಅಂಗೈಯಲ್ಲೇ ಹೊರಳಿಸಿ ನೋಡಿದ.

"ಗುಳ್ಳೆ ಏಳದ ಟೈರ್ ತಂದಿದ್ರಲ್ಲ, ಆ ಸುಳ್ಳಿಗೆ ನಿಮ್ಮನ್ನ ಮದುವೆ ಆದೆ. ಈ ಸುಳ್ಳು ಯಾಕೆ ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು. ಸೊಂಟ ಮುರಿದವಳು, ಮೆತ್ತಗೆ ಸಾಗಿಸ್ಬೇಕು ಅಂತ ತಾನೇ? ನಾನೇನು ಗಾಜಿನ ಸಾಮಾನಿನ ಮೂಟೇನಾ?" ಅವಳು ಖಾಲಿ ಗೋಡೆಯ ಕಡೆ ಲಿವರ್ ಎತ್ತಿ ತೋರಿಸಿದಳು. "ಇಷ್ಟು ವರ್ಷ ಗೋಡೆ ಮೇಲೆ ಇಟ್ಕೊಂಡು ಕಾದೆ ಕಣ್ರೀ. ನಿಮ್ಮ ಗಾಡಿಗೆ ಅಂತ."

ಡ್ರೈವರ್ ಹಿಟ್ಟಿನ ಉಂಡೆಗಳನ್ನು ಕಿಟಕಿಯ ಮೇಲೆ ಸಾಲಾಗಿಟ್ಟು ಒಳಗೆ ಹೋದ. ಬರುವಾಗ ಕಂಕುಳಲ್ಲಿ ಸ್ಟೀಲ್ ಕೊಡ, ಕಂಠಮಟ್ಟ ನೀರು. ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಎಳೆದು ಕಟ್ಟಿದ.

ಟೈಲರ್ ಮಿಷನ್ ಬಿಟ್ಟು ಎದ್ದು ಬಂದ. "ಏನ್ ಭಾವ, ಹೊಸ ಹೆಂಡ್ತೀನಾ?"

"ಹಳೇದೇ ಕಣಯ್ಯ. ಮುಟ್ಟಿದ್ರೆ ತುಳುಕುತ್ತೆ, ದೂರ ನಿಲ್ಲು."

ಗಾಲಿಯಕ್ಕನಿಗೆ ನಗು ಬರಲಿಲ್ಲ. ಕೊಡ ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಕಾರು ಬೀದಿಗಿಳಿಯಿತು. ಡ್ರೈವರ್ ಮೋಸ ಮಾಡಲಿಲ್ಲ. ಹಸುಗೂಸನ್ನು ಮಲಗಿಸಿಕೊಂಡವನ ಹಾಗೆ ಓಡಿಸಿದ. ಆದರೂ ಚರಂಡಿಯ ಮುಚ್ಚಳದ ಮೇಲೆ ಹಾಯುವಾಗ ಕಾರು ಕಟಕ್ಕೆಂದಿತು, ಹಂಪಿನ ಮೇಲೆ ಧಡ್ ಎಂದಿತು. ವಾಪಸು ಬಂದಾಗ ಸೀಟು ತೊಪ್ಪೆಯಾಗಿತ್ತು. ಅವಳು ಬಾಗಿ ಕೊಡದೊಳಗೆ ಕೈ ಇಳಿಬಿಟ್ಟಳು. ಮಣಿಕಟ್ಟಿನವರೆಗೆ ಇಳಿಸಿದ ಮೇಲಷ್ಟೇ ಬೆರಳಿಗೆ ನೀರು ತಾಗಿತು.

ಡ್ರೈವರ್ ಇಳಿದು ಬಂದು ಅವಳ ಪಕ್ಕ ನಿಂತ. "ಸುಳ್ಳು ಹೇಳಿದ್ದು ತಪ್ಪು. ನೇರವಾಗಿ ಹೇಳಿದ್ರೆ ನೀನು ಹಟಕ್ಕೆ ಬಿದ್ದು ಈ ಗಾಡಿ ಹತ್ತೋದನ್ನೇ ಬಿಟ್ಟೀಯ ಅಂತ ಭಯ ಆಯ್ತು. ಪಕ್ಕದ ಸೀಟು ಇಲ್ಲದೆ ಓಡಿಸೋಕೆ ನನಗೆ ಬಸ್ಸೇ ಇತ್ತಲ್ಲ ಮಾರಾಯ್ತಿ." ಕೊಡದ ಕಡೆ ನೋಡಿ ಸೇರಿಸಿದ: "ಅಂಗಡಿಗೆ ಬಂದೋರನ್ನೆಲ್ಲ ಕೇಳ್ತೀಯ, ಕೂರೋರು ಯಾರು ಅಂತ. ನಮ್ಮ ಗಾಡಿಗೆ ಮಾತ್ರ ನೀನು ಕೇಳ್ಲೇ ಇಲ್ಲ."

ಅದು ನಿಜ. ಗರ್ಭಿಣಿ ಹೆಂಡತಿಯಿದ್ದವನಿಗೆ, ಮುದಿ ತಾಯಿಯನ್ನು ಕರೆದೊಯ್ಯುವವನಿಗೆ, ತೆಳು ಟೈರ್ ಬೇಡವೆಂದು ಬುದ್ಧಿ ಹೇಳಿ ಕಳಿಸಿದವಳು ಅವಳೇ. ತನ್ನ ಮನೆಯ ಕಾರಿನ ಮುಂದೆ ನಿಂತು ಬರೀ ಗಾಲಿಯನ್ನು ನೋಡಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹದಿನೆಂಟರ ಅಂಚನ್ನು ಒಂದು ಸಲ ಸವರಿದಳು.

"ನ್ಯಾಯ ಅಂದ್ರೆ ನ್ಯಾಯ. ಆ ಹದಿನೈದು ತನ್ನಿ. ಕೊಡ ಮತ್ತೆ ತುಂಬಿ."

ಹದಿನೈದರ ರಿಮ್ಮುಗಳಿಗೆ ಎತ್ತರದ ರಬ್ಬರ್ ಗೋಡೆಯ ಹೊಸ ಟೈರ್ ಕೂರಿಸಿದಳು. ಒಂದೊಂದನ್ನೂ ತಿರುಗಿಸಿ ನೋಡಿ, ತೂಕ ತಪ್ಪಿದ ಕಡೆ ಸೀಸದ ತುಣುಕು ಅಂಟಿಸಿದಳು. ಗಾಳಿಯ ಒತ್ತಡ ಹದವಾಗುವವರೆಗೆ ತುಂಬಿ, ಇಳಿಸಿ, ಮತ್ತೆ ತುಂಬಿದಳು. ಕಾರು ಅದೇ ಚರಂಡಿ ಮುಚ್ಚಳ, ಅದೇ ಹಂಪು ದಾಟಿ ಬಂತು. ಕೊಡದ ಕತ್ತು ಬೆವರಿದ ಹಾಗೆ ಒದ್ದೆಯಾಗಿತ್ತು. ನೀರು ಕಂಠಮಟ್ಟವೇ ಇತ್ತು.

ಟೈಲರ್ ಹಲ್ಲು ಬಿಟ್ಟ. "ಹುಲಿಗೆ ಬೆಕ್ಕಿನ ಪಾದ ಅಂದ್ರಲ್ಲಕ್ಕ?"

"ಹುಲೀನೂ ಮೆತ್ತಗೇ ಹೆಜ್ಜೆ ಇಡೋದು ಕಣೋ. ನೀನು ಹುಲಿ ಕಂಡಿದ್ರೆ ತಾನೇ!" ಎಂದಳು ಗಾಲಿಯಕ್ಕ. ಹದಿನೆಂಟರ ಗಾಲಿಗಳು ಗೋಡೆಗೆ ಮರಳಿದವು. ಈ ಸಲ ತೂಗುಹಾಕಲು ಇಬ್ಬರೂ ಸೇರಿದರು. ಯಾವುದು ಯಾವ ಮೊಳೆಗೆ ಎಂದು ಅವಳು ಹೇಳಿದಳು, ಅವನು ಎತ್ತಿದ.

ಮಾರನೆಯ ಬೆಳಿಗ್ಗೆ ಸೀಟು ಒಣಗಿದ ಮೇಲೆ ಇಬ್ಬರೂ ಹೊರಟರು. ಅವನು ಬಸ್ ಓಡಿಸುತ್ತಿದ್ದ ಹಳೆಯ ದಾರಿಯನ್ನೇ ಹಿಡಿದ. ಪ್ರತಿ ಸ್ಟಾಪಿನಲ್ಲೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. "ಹತ್ತೋರಿಲ್ಲ, ಇಳಿಯೋರಿಲ್ಲ, ರೈಟ್ ರೈಟ್!" ಎಂದು ಅವಳು ಕಂಡಕ್ಟರ್ ಆದಳು. ಕಿತ್ತುಹೋದ ರಸ್ತೆ ಬಂದಾಗ ಅವನು ವಾರೆಗಣ್ಣಿನಲ್ಲಿ ಅವಳ ಸೊಂಟದ ಕಡೆ ನೋಡುತ್ತಿದ್ದ. ಅವಳು ಕಂಡೂ ಕಾಣದವಳ ಹಾಗೆ ಹೊರಗೆ ನೋಡುತ್ತ, ಕೈಯನ್ನು ಗೇರಿನ ಮೇಲಿದ್ದ ಅವನ ಕೈಮೇಲೆ ಇಟ್ಟಳು. ಗೇರ್ ಬದಲಿಸುವಾಗ ಎರಡು ಕೈಯೂ ಒಟ್ಟಿಗೆ ಸರಿದವು.

ಕೊನೆಯ ಸ್ಟಾಪಿನಲ್ಲಿ ಅವಳಿಗೆ ಇಳಿದು ನಿಲ್ಲಬೇಕೆನ್ನಿಸಿತು. ಸ್ಪೋರ್ಟ್ಸ್ ಕಾರಿನ ಸೀಟೆಂದರೆ ನೆಲದಿಂದ ಗೇಣೆತ್ತರ. ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ. ಅವಳು ಒಂದು ಕಾಲು ಹೊರಗಿಟ್ಟಳು, ಬಾಗಿಲ ಚೌಕಟ್ಟು ಹಿಡಿದಳು, ಅರ್ಧ ಎದ್ದು ಮತ್ತೆ ಕುಸಿದಳು. ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು. ಡ್ರೈವರ್ ಓಡೋಡಿ ಸುತ್ತಿ ಬಂದು ಎರಡೂ ಕೈ ಚಾಚಿದ.

ಅವಳು ಸೀಟಿನ ಸಂದಿನಿಂದ ಟೈರ್ ಲಿವರನ್ನು ಎಳೆದು ನೆಲಕ್ಕೆ ಊರಿದಳು.

"ಕೈ ತೆಗೀರಿ. ಕೊಡದ ಮಾತಿಗೆ ಗಾಲಿ ಬಿಟ್ಟುಕೊಟ್ಟಿದ್ದಾಯ್ತು, ಕಾಲನ್ನೂ ಬಿಟ್ಟುಕೊಡು ಅಂದ್ರೆ ಆಗಲ್ಲ. ಸ್ವಲ್ಪ ಹೊತ್ತಾಗುತ್ತೆ ಅಷ್ಟೇ. ಅಲ್ಲೇ ನಿಂತಿರಿ, ನಾನೇ ಏಳ್ತೀನಿ."