ತೊಗಟೆಯ ಘಾಟು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ "ಆಗ ನಿಮಗೆ ಜ್ವರ ಎಷ್ಟಿತ್ತು?" ಎಂದು ಕೇಳುವ ಆಸಾಮಿ ನಾನು. ಜಪಾನಿನ ವಾಕೋ ಊರಿನ ಪ್ರಯೋಗಾಲಯದಲ್ಲಿ ಕಾಡುಪ್ರಾಣಿಗಳ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ದೆವ್ವ, ಶಕುನಗಳನ್ನು ನಂಬಿದವನಲ್ಲ, ಈಗಲೂ ನಂಬುವುದಿಲ್ಲ. ಆದರೆ ಕೋವಿಡ್ ಕಾಲದ ಒಂದು ಬೆಳಗನ್ನು ಮಾತ್ರ ಯಾವ ಲೆಕ್ಕಕ್ಕೂ ಸೇರಿಸಲಾಗಿಲ್ಲ.

ಆ ಚಳಿಗಾಲ ರಕ್ತದ ಮಾದರಿಗಾಗಿ ಬೆಟ್ಟದೂರಿನ ಒನೋ ಸಾನ್ ಎಂಬವರ ಬೆನ್ನು ಹತ್ತಿದ್ದೆ. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಬೆಕ್ಕಿನಷ್ಟು ದೊಡ್ಡ, ಹಳದಿ ತುಪ್ಪಳದ 'ಟೆನ್' ಎಂಬ ಪ್ರಾಣಿಯನ್ನು ತಂತಿಯ ಉರುಳಿನಲ್ಲಿ ಹಿಡಿಯುವುದು ಅವರ ಕಸುಬು. ಉರುಳು ಒಡ್ಡಿದ ಮೇಲೆ ದಿನಾ ಹೋಗಿ ನೋಡಲೇಬೇಕು. ಮಂಡಿಯವರೆಗಿನ ಹಿಮದಲ್ಲಿ ಮೂರು ಗಂಟೆ ಏರಿಳಿದರೂ ಹೆಚ್ಚಿನ ದಿನ ಬರಿಗೈ. ಸಿಕ್ಕರೆ ಸುಲಿದು, ಕೊಬ್ಬು ಕೆರೆದು, ಹಲಗೆಗೆ ಬಿಗಿದು ಒಣಗಿಸಬೇಕು.

"ನಮ್ಮಪ್ಪನ ಕಾಲದಲ್ಲಿ ಒಂದು ತುಪ್ಪಳ ಮಾರಿದ್ರೆ ತಿಂಗಳ ಅಕ್ಕಿ ಬರ್ತಿತ್ತು. ಈಗ ಬೂಟಿನ ದುಡ್ಡೂ ಹುಟ್ಟಲ್ಲ, ಸೆನ್ಸೇ" ಎಂದು ನಗುತ್ತಿದ್ದರು; ಅವರ ಬಾಯಲ್ಲಿ ನಾನು 'ಮೇಷ್ಟ್ರು'. ಕೋವಿಡ್ ಬಂದ ಮೇಲೆ ಇದ್ದೊಬ್ಬ ವ್ಯಾಪಾರಿಯೂ ಬರುವುದನ್ನು ನಿಲ್ಲಿಸಿದ್ದ. ಇವರು ಮಾತ್ರ ನಿಲ್ಲಿಸಲಿಲ್ಲ.

ವಾಸನೆಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಮನುಷ್ಯರ ವಾಸನೆ ಉಳಿಯಬಾರದೆಂದು ಉರುಳುಗಳನ್ನು ಮರದ ತೊಗಟೆಯ ನೀರಿನಲ್ಲಿ ಕುದಿಸುತ್ತಿದ್ದರು. ಆ ಹಬೆಗೆ ಕಷಾಯದಂಥ ಕಹಿ ಘಾಟು. ಮೊದಲ ದಿನವೇ ನನ್ನ ಜಾಕೆಟ್ ಮೂಸಿ ಹೌಹಾರಿದರು. ಒಗ್ಗರಣೆಯ ಇಂಗು! ವಾರವಿಡೀ ಅದು ಅವರ ಹಿತ್ತಿಲಿನ ಮರದಲ್ಲಿ ನೇತಾಡಿತು.

ಜನವರಿಯಲ್ಲಿ ನನಗೂ ಕೋವಿಡ್ ತಗುಲಿತು. ವಾಸಿಯಾದರೂ ಮೂಗು ಸತ್ತೇ ಹೋಗಿತ್ತು. ಹೆಂಡತಿ ಇಂಗಿನ ಡಬ್ಬಿ ಹಿಡಿದು "ಈಗಾದ್ರೂ ಬಂತೇನ್ರೀ?" ಎಂದು ದಿನಾ ಕೇಳುವಳು. ಏನೂ ಇಲ್ಲ.

ಮೂರು ವಾರದ ನಂತರ ಬೆಟ್ಟಕ್ಕೆ ಹೋದರೆ ಒನೋ ಸಾನ್ ಮನೆಯಲ್ಲಿರಲಿಲ್ಲ. ಒಂಬತ್ತಕ್ಕೆಲ್ಲ ಮರಳುವವರು ಹನ್ನೊಂದಾದರೂ ಬಂದಿಲ್ಲ. ಆಗತಾನೇ ಬಿದ್ದ ಹಿಮ ಹೆಜ್ಜೆಗಳನ್ನೆಲ್ಲ ಮುಚ್ಚಿತ್ತು. ಕೂಗುತ್ತಾ ಅವರ ದಾರಿ ಹಿಡಿದೆ. ಕವಲಿನಲ್ಲಿ ಎಂದಿನಂತೆ ಎಡಕ್ಕೆ ತಿರುಗಿದೆ. ಆಗ ಬಲಗಡೆಯಿಂದ ಬಂತು, ಗಂಟಲು ಕಟ್ಟುವಷ್ಟು, ತೊಗಟೆಯ ಘಾಟು.

ಅಭ್ಯಾಸಬಲ, ಪರೀಕ್ಷಿಸಿದೆ. ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಇಲ್ಲ, ಬಲಕ್ಕೆ ಬಂದರೆ ಇದೆ. ಮತ್ತೊಮ್ಮೆ ನೋಡಿದೆ, ಹಾಗೆಯೇ. ಬಲಕ್ಕೇ ಓಡಿದೆ. ಇಳಿಜಾರಿನ ಬುಡದಲ್ಲಿ ಒನೋ ಸಾನ್ ಕಾಲು ಮುರಿದುಕೊಂಡು ಬಿದ್ದಿದ್ದರು. ಉರುಳು ಕಿತ್ತುಕೊಂಡು ಹೋದ ಪ್ರಾಣಿಯ ಜಾಡು ಹಿಡಿದು ಬಂದಿದ್ದರಂತೆ. ನೀಲಿಗಟ್ಟಿದ ತುಟಿಯಲ್ಲಿ "ಸುಮಿಮಾಸೆನ್" ಎಂದರು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ! ನಾನು ಅತ್ತೇಬಿಟ್ಟೆ.

ಅವರು ಉಳಿದರು. ಕೋವಿಡ್ ಆದವರಿಗೆ ಇಲ್ಲದ ವಾಸನೆ ಬರುವುದುಂಟು ಎಂದರು ಡಾಕ್ಟರು. ಒಪ್ಪಿದೆ. ಅದಕ್ಕೆ ಎಡಬಲ ಇರುತ್ತದೆಯೇ ಎಂದರೆ ಮುಂದಿನ ರೋಗಿಯನ್ನು ಕರೆದರು. ಒನೋ ಸಾನ್ ಅಂತೂ ಕಸುಬಿಗೇ ಅವಮಾನವಾದವರಂತೆ ಕೇಳಿದರು: "ತೊಗಟೆ ಹಾಕೋದೇ ಬೆಟ್ಟದಲ್ಲಿ ವಾಸನೆ ಬರಬಾರದು ಅಂತ. ನರಿಗೇ ಸಿಗದ್ದು ನಿಮಗೆ ಸಿಕ್ತಾ?"

ನನ್ನ ಮೂಗು ಮರಳಿದ್ದು ಏಪ್ರಿಲ್‌ನಲ್ಲಿ. ಆಮೇಲೆ ಎಷ್ಟೋ ಸಲ ಆ ಕವಲಿನಲ್ಲಿ ನಿಂತು ಮೂಸಿದ್ದೇನೆ. ಬರೀ ಚಳಿ.

ಜ್ವರ ಎಷ್ಟಿತ್ತು ಎಂದು ನೀವು ಕೇಳಬಹುದು. ಆ ದಿನಗಳಲ್ಲಿ ಮನೆ ಬಿಡುವ ಮುನ್ನ ನೋಡಿಕೊಳ್ಳುವುದು ಎಲ್ಲರ ಅಭ್ಯಾಸ, ನಾನೂ ನೋಡಿಕೊಂಡಿದ್ದೆ. ಇರಲಿಲ್ಲ.