ಟೈಲರಕ್ಕನ ಕಂಪನಿ ಮಕ್ಕಳು

ಟೈಲರಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಎದ್ದ ಒಂದು ಗಂಟಿತ್ತು. ಹುಣಸೆಬೀಜದಷ್ಟು ದಪ್ಪ, ಅಷ್ಟೇ ನುಣುಪು. ಅದರ ಸುತ್ತ ಒಣಗಿದ ಮೈದಾ ಅಂಟು ಯಾವಾಗಲೂ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿರುತ್ತಿತ್ತು. ಗಂಟು ರವಿಕೆಗಳಿಂದ ಬಂದದ್ದು. ಅಂಟು ಬಂದದ್ದು ಕಾಮಿಕ್ಸ್ ಪುಸ್ತಕಗಳಿಂದ, ಅಂದರೆ ನಮ್ಮಿಂದ.

ಅವಳ ಅಂಗಡಿ ಬಿಟ್ಟಂಗಾಲದಲ್ಲಿ ಬಸ್ಸು ನಿಲ್ಲುವ ಕಡೆಗೇ ಇತ್ತು. ಒಂದೇ ಕೋಣೆ, ಬಾಗಿಲಲ್ಲೇ ಹೊಲಿಗೆ ಮಿಷನ್, ಗೋಡೆಗೆ ಒತ್ತಿದ ಒಂದು ಬೆಂಚು. ಅವಳ ತವರು ಭಾಗಮಂಡಲದ ಕಡೆ, ಮನೆಮಾತು ಅರೆಭಾಷೆ. ಇದೆ ಅನ್ನುವುದಕ್ಕೆ ‘ಉಟ್ಟು’, ಇಲ್ಲ ಅನ್ನುವುದಕ್ಕೆ ‘ಇಲ್ಲೆ’. ಆದರೆ ಅಂಗಡಿಗೆ ಬಂದವರ ಜೊತೆ ಅವರವರ ಮಾತಿನಲ್ಲೇ ಮಾತು. ಎಸ್ಟೇಟ್ ಕೂಲಿಗಳ ಲೈನ್ ಮನೆಯ ಹೆಂಗಸರಿಗೆ ತಮಿಳು, ಮೀನು ಮಾರುವ ಕಾಕನಿಗೆ ಮಲಯಾಳ, ದೊಡ್ಡ ತೋಟದ ಮನೆಯವರಿಗೆ ಕೊಡವ ತಕ್ಕ್. ಎಲ್ಲವೂ ಅರ್ಧರ್ಧ, ಅದೂ ತುಟಿ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು. ಅಳತೆ ಕೊಡುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡರೆ ಅವಳಿಗೆ ಆಗುತ್ತಿರಲಿಲ್ಲ. “ಉಸಿರು ಬಿಡು ಮಾರಾಯ್ತಿ. ಟೇಪಿಗೆ ಸುಳ್ಳು ಹೇಳಿ ಎಂತ ಲಾಭ? ನಾಳೆ ಮದುವೆ ಮನೆಲಿ ಹುಕ್ಕು ಕಿತ್ತು ಬರ್ತದೆ, ಅಷ್ಟೆ,” ಅನ್ನುತ್ತಿದ್ದಳು. ಬೆಳೆಯುವ ಹುಡುಗಿಯರ ಬಟ್ಟೆಗೆ ಮಾತ್ರ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಿದ್ದಳು, ಕೇಳಲಿ ಕೇಳದಿರಲಿ.

ನಾನು ಆ ಬೆಂಚಿಗೆ ಬಂದದ್ದು ನಾಲ್ಕನೇ ಕ್ಲಾಸಿನಲ್ಲಿ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಮನೆತನ. ಅಪ್ಪನಿಗೆ ಬಿಟ್ಟಂಗಾಲದ ಒಂದು ಕಂಪನಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು, ಎಲ್ಲರೂ ಈ ಕಡೆ ಬಂದೆವು. ಶಾಲೆಯಲ್ಲಿ ಮೊದಲ ದಿನವೇ ಟೀಚರು ಪುಸ್ತಕ ಎಲ್ಲಿ ಅಂದಾಗ “ಬ್ಯಾಗಲ್ಲೈತೆ” ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲ್ಲಿಂದಾಚೆಗೆ ನನ್ನ ಹೆಸರೇ ‘ಐತೆ’. ಐತೆ ಬಂದಳು, ಐತೆ ಹೋದಳು. ಈಗ ಹೇಳುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ನಾನು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದೆ.

ಅದೇ ವರ್ಷ ಎಸ್ಟೇಟ್ ಮ್ಯಾನೇಜರಿಗೆ ವರ್ಗವಾಯಿತು. ಬಂಗಲೆಯ ಪರದೆಗಳನ್ನೆಲ್ಲ ಹೊಲಿದುಕೊಟ್ಟಿದ್ದ ಟೈಲರಕ್ಕನಿಗೆ ಮ್ಯಾನೇಜರ ಹೆಂಡತಿ ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋದರು. ಒಳಗೆ ಅವರ ಮಗನ ಹಳೆಯ ಇಂಗ್ಲಿಷ್ ಕಾಮಿಕ್ಸ್, ಒಂದೇ ಕಥೆಯ ಏಳು ಪುಸ್ತಕ. ಯಾವುದೋ ದೇಶದ ಒಂದು ದೊಡ್ಡ ಕಂಪನಿ ತನ್ನ ಕೆಲಸಕ್ಕೆಂದು ಗಾಜಿನ ಕೊಳವೆಗಳಲ್ಲಿ ಐದು ಜನರನ್ನು ತಯಾರು ಮಾಡುತ್ತದೆ. ಅವರಿಗೆ ತಾಯಿಯಿಲ್ಲ, ತಂದೆಯಿಲ್ಲ, ಎದೆಯ ಮೇಲೊಂದು ನಂಬರು ಮಾತ್ರ. ಒಬ್ಬಳು ಹಾರುತ್ತಾಳೆ, ಒಬ್ಬ ಬೆಟ್ಟದಷ್ಟು ಇದ್ದಾನೆ, ಒಬ್ಬನ ಕೈಯಲ್ಲಿ ಬೆಂಕಿ, ಒಬ್ಬ ಕಣ್ಣಿಗೆ ಕಾಣುವುದಿಲ್ಲ, ಒಬ್ಬ ಇವರ ನಾಯಕ. ಇಷ್ಟನ್ನು ಚಿತ್ರ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. ಮಾತೆಲ್ಲ ಇಂಗ್ಲಿಷ್. ಬೆಂಚಿನ ಮೇಲೆ ಕೂರುವ ನಮಗೆ ಯಾರಿಗೂ ಅದು ಬರುತ್ತಿರಲಿಲ್ಲ.

ಟೈಲರಕ್ಕ ರವಿಕೆಯ ಮಾದರಿ ಕತ್ತರಿಸುವ ಬಿಳಿ ಕಾಗದ ತೆಗೆದು, ಪಾತ್ರಗಳ ಬಾಯಿಂದ ಏಳುವ ಒಂದೊಂದು ಮಾತಿನ ಗುಳ್ಳೆಯ ಆಕಾರಕ್ಕೂ ಸರಿಯಾಗಿ ಚೀಟಿ ಕತ್ತರಿಸಿದಳು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರ ಮೇಲೆ ನೀಲಿ ಪೆನ್ನಿನಲ್ಲಿ ಕನ್ನಡ ಬರೆದು ಮೈದಾ ಅಂಟಿನಿಂದ ಮೆತ್ತಿದಳು. ಒಂದು ಪುಸ್ತಕಕ್ಕೆ ಒಂಬತ್ತು ಹತ್ತು ತಿಂಗಳು ಹಿಡಿಯುತ್ತಿತ್ತು. ಕಂಪನಿಯ ಯಜಮಾನ ‘ದೊರೆ’ ಆದ. ಸಾಲಾಗಿ ನಿಂತ ಗಾಜಿನ ಕೊಳವೆಗಳು ‘ಲೈನ್ ಮನೆ’ ಆದವು. ಐದು ಜನ ‘ಕಂಪನಿ ಮಕ್ಕಳು’ ಆದರು. ಕಂಪನಿ ಮಕ್ಕಳು ಒಬ್ಬೊಬ್ಬರೂ ಒಂದೊಂದು ಮಾತಾಡುತ್ತಿದ್ದರು. ನಾಯಕನದು ಕೊಡವರು ಆಡುವ ಗತ್ತಿನ ಕನ್ನಡ. ಬೆಂಕಿ ಕೈಯವನು ಎಲ್ಲಾ ಮುಗಿದ ಮೇಲೆ “ಸಾರಮಿಲ್ಲ”, ಅಂದರೆ ಪರವಾಗಿಲ್ಲ, ಅನ್ನುತ್ತಿದ್ದ, ಥೇಟು ಮೀನಿನ ಕಾಕನಂತೆ. ಕಾಣದವನು “ಇಮ್ಮೀಡಿಯೆಟ್ ಆಗಿ ಲೈನಿಗೆ ಹೋಗಿ ರಿಪೋರ್ಟ್ ಮಾಡಿ” ಅನ್ನುತ್ತಿದ್ದ. ಅದು ನನ್ನ ಅಪ್ಪ ಅಂತ ಅಪ್ಪನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ದೈತ್ಯನದು ಅಕ್ಕನದೇ ಅರೆಭಾಷೆ.

ಹಾರುವ ಹುಡುಗಿ ಮೊದಲ ಪುಸ್ತಕದ ಮೂರನೇ ಪುಟದಲ್ಲಿ ಕಟ್ಟಡದ ತುದಿಯಿಂದ ಕೆಳಗೆ ನೋಡಿ ಹೇಳುವ ಮೊದಲ ಮಾತು: “ಎಲ್ಲಾ ನಂಗೆ ಕಾಣ್ತೈತೆ. ಹೆದರ್ಬೇಡಿ, ನಾನಿವ್ನಿ.”

ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ. ಆ ಬೆಂಚಿನಲ್ಲಿ ನಾನು ಆಡಿದ್ದೇ ನಾಲ್ಕು ಮಾತು, ಅದನ್ನು ಅವಳು ಮಿಷನ್ ಸದ್ದಿನ ನಡುವೆ ಕೇಳಿಸಿಕೊಂಡು ಎತ್ತಿಟ್ಟುಕೊಂಡಿದ್ದಳು. ಒಂದು ತಿಂಗಳಲ್ಲಿ ಲೈನಿನ ಹುಡುಗಿಯರು ಆಟದಲ್ಲಿ “ನಾನು ಐತೆ, ನಾನು ಐತೆ” ಅಂತ ಕಿತ್ತಾಡತೊಡಗಿದರು. ಐತೆ ಅಂದರೆ ಈಗ ಹಾರುವವಳು. ನನ್ನನ್ನು ಅಣಕಿಸುತ್ತಿದ್ದ ತೋಟದ ಮನೆಯ ಹುಡುಗನೇ ಒಂದು ದಿನ ಬಂದು, ಆ ಮಾತು ಸರಿಯಾಗಿ ಹೇಳುವುದು ಹೇಗೆ ಅಂತ ನನ್ನ ಹತ್ತಿರ ಕೇಳಿಕೊಂಡ. ನಾನು ಮತ್ತೆ ಬಾಯಿ ಬಿಟ್ಟೆ. ಇವತ್ತಿನವರೆಗೂ ಮುಚ್ಚಿಲ್ಲ, ನನ್ನ ಗಂಡನನ್ನು ಕೇಳಿ ನೋಡಿ.

ಪುಸ್ತಕ ಅಂಗಡಿಯಿಂದ ಹೊರಗೆ ಹೋಗಬಾರದು, ಬೆಂಚಿನಲ್ಲೇ ಓದಬೇಕು, ಇದು ಅವಳ ಕಟ್ಟುನಿಟ್ಟು. ಅದನ್ನು ಅವಳು ಮುರಿದದ್ದು ಒಂದೇ ಸಲ, ನನಗಾಗಿ.

ಆಗ ನಾನು ಒಂಬತ್ತನೇ ಕ್ಲಾಸು. ಎಂಟರಿಂದ ವಿರಾಜಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದರು. ಅಲ್ಲಿ ಇಂಗ್ಲಿಷ್ ಬಾರದ್ದಕ್ಕೆ ಒಂದು ವರ್ಷ ಅನ್ನಿಸಿಕೊಂಡು, ಆಮೇಲೆ ಹಟ ಹಿಡಿದು ಕಲಿತಿದ್ದೆ. ಕಲಿತ ಮೇಲೆ ನನ್ನ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಆರನೇ ಪುಸ್ತಕ ಆಗಷ್ಟೇ ಮುಗಿದಿತ್ತು. ನನಗೆ ಜ್ವರ ಬಂದು ಒಂದು ವಾರ ಅಂಗಡಿ ಕಡೆ ಹೋಗಲಾಗಲಿಲ್ಲ. ಅಕ್ಕ ಅಮ್ಮನ ಕೈಯಲ್ಲಿ ಪುಸ್ತಕ ಕೊಟ್ಟು ಕಳಿಸಿದಳು. “ಅವಳಿಗೆ ಮಾತ್ರ ಅಂತ ಹೇಳಿ,” ಅಂದಿದ್ದಳಂತೆ.

ಜ್ವರ ಇಳಿದ ಮಧ್ಯಾಹ್ನ, ಅಮ್ಮ ಪಕ್ಕದ ಮನೆಗೆ ಹೋಗಿದ್ದಾಗ, ನಾನು ಆ ಪುಸ್ತಕವನ್ನು ಬಿಸಿನೀರಿನ ಹಬೆಗೆ ಹಿಡಿದೆ. ಮೈದಾ ಅಂಟು ಮೆತ್ತಗಾಯಿತು. ಹೇರ್‌ಪಿನ್ನಿನ ತುದಿಯಿಂದ ಒಂದೊಂದೇ ಚೀಟಿ ಎಬ್ಬಿಸಿದೆ. ನಾನು ಕಲಿತ ಇಂಗ್ಲಿಷ್ ಅದರ ಕೆಳಗಿರುವುದನ್ನು ಓದಲು ಸಾಕಾಗುತ್ತದೋ ನೋಡಬೇಕಿತ್ತು, ಅಷ್ಟೇ. ಸಾಕಾಯಿತು. ಡಿಕ್ಷನರಿ ಇಟ್ಟುಕೊಂಡು ಓದಿದೆ. ಕೆಳಗಿದ್ದ ಕಥೆಯೇ ಬೇರೆ. ಅಕ್ಕನ ಚೀಟಿಯಲ್ಲಿ ಹಾರುವ ಹುಡುಗಿ ದೊರೆಯ ಕೋಣೆಗೆ ಹೋಗಿ, ಲೈನ್ ಮನೆಯವರಿಗೆ ರಜೆ ಕೊಡಬೇಕೆಂದು ಜಗಳ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಅವಳು ಅಲ್ಲಿಗೆ ಹೋಗುತ್ತಿದ್ದದ್ದು ಉಳಿದ ನಾಲ್ವರ ಮೇಲೆ ಚಾಡಿ ಹೇಳಲು. ಅವಳು ಕಂಪನಿಯ ಕಡೆಯವಳು. ಮೊದಲಿನಿಂದಲೂ.

ನನಗೆ ಸಿಟ್ಟು ಬಂತು. ನನಗೆ ಇಷ್ಟು ವರ್ಷ ಮೋಸ ಮಾಡಿದ ಹಾಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಿಗೆ ಇದ್ದದ್ದು ಜಂಬ.

ಶನಿವಾರ ಬೆಂಚು ತುಂಬಿತ್ತು. ತೋಟದ ಮನೆಯ ಹುಡುಗ, ಲೈನಿನ ಮೂವರು ಹುಡುಗಿಯರು, ರವಿಕೆ ತೆಗೆದುಕೊಂಡು ಹೋಗಲು ಬಂದ ಇಬ್ಬರು ಹೆಂಗಸರು. ನಾನು ನಡುವೆ ನಿಂತು, ಚೀಟಿ ಕಿತ್ತ ಪುಟ ತೆರೆದು, ಇಂಗ್ಲಿಷನ್ನು ರಾಗವಾಗಿ ಓದಿದೆ, ಅರ್ಥ ಹೇಳಿದೆ. ಕೊನೆಗೆ, “ಅಕ್ಕಂಗೆ ಇಂಗ್ಲಿಷೇ ಬರಲ್ಲ. ಬರೀ ಚಿತ್ರ ನೋಡ್ಕಂಡು ಬರ್ದವ್ಳೆ. ಇವೆಲ್ಲಾ ಸುಳ್ಳು,” ಅಂದೆ.

ಮಿಷನ್ ನಿಂತಿತು. ಅವಳು ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಬಟ್ಟೆಗೆ ಚುಚ್ಚಿದಳು.

“ನಂಗೆ ಇಂಗ್ಲಿಷ್ ಬರ್ತದೆ ಅಂತ ನಾನು ಯಾವಾಗ ಹೇಳಿದ್ದೆ?” ಅಂದಳು. ದನಿ ಏರಿರಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕವನ್ನು ತೆಗೆದುಕೊಂಡು, ಹಾರುವ ಹುಡುಗಿಯ ಚಿತ್ರದ ಮೇಲೆ ಹೆಬ್ಬೆರಳಿಟ್ಟು, “ಹಾಂಗಾದ್ರೆ ಈ ಕೂಸು ನಿಜವಾಗ್ಲೂ ಕಂಪನಿ ಕಡೆಯವಳಾ?” ಅಂತ ಕೇಳಿದಳು.

“ಹೂಂ. ಮೊದಲಿಂದ.”

“ಇವಳ ಮುಖ ನೋಡಿದ್ರೆ ಹಾಂಗೆ ಕಾಣಿಲ್ಲೆ ನಂಗೆ.”

ಅವಮಾನವಾದದ್ದು ಅವಳಿಗೆ. ಅವಳು ಕೇಳಿದ್ದು ಆ ಹುಡುಗಿಯ ಬಗ್ಗೆ. ಅದು ನನಗೆ ಆಗ ಕಾಣಲಿಲ್ಲ, ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಗೆದ್ದದ್ದು ಎರಡು ದಿನ. ಸೋಮವಾರ ತೋಟದ ಮನೆಯ ಹುಡುಗ ಬಸ್ಸಿನಲ್ಲಿ ನನ್ನನ್ನು ನೋಡಿ, “ಐತೆ ಕಂಪನಿ ಕಡೆಯವಳು. ಅವಳ ಮುಂದೆ ಏನೂ ಮಾತಾಡ್ಬೇಡಿ,” ಅಂದ. ಎಲ್ಲರೂ ನಕ್ಕರು. ಮಕ್ಕಳು ಬೆಂಚಿಗೆ ಹೋಗುವುದು ಕಡಿಮೆಯಾಯಿತು. ಸುಳ್ಳು ಅಂತ ಗೊತ್ತಾದ ಮೇಲೆ ಯಾರಿಗೆ ಬೇಕು? ಅಷ್ಟೊತ್ತಿಗೆ ಮನೆಮನೆಗೂ ಫೋನೂ ಬಂದಿತ್ತು. ಫೋನಿನ ಮೇಲೆ ತಪ್ಪು ಹಾಕಿ ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೇನೆ. ಬೆಂಚು ಖಾಲಿ ಮಾಡಿದವಳು ನಾನೇ.

ನಾನು ಆ ಅಂಗಡಿ ಮುಂದೆ ನಡೆಯುವುದನ್ನೇ ಬಿಟ್ಟೆ. ಬಸ್ಸಿಳಿದು ರಸ್ತೆಯ ಆಚೆ ಬದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದೆ. ಬಟ್ಟೆ ಹೊಲಿಯಲು ವಿರಾಜಪೇಟೆಯಲ್ಲಿ ಕೊಡುತ್ತಿದ್ದೆ. ಆ ಬಟ್ಟೆಗಳ ಒಳಗೆ ಯಾರೂ ಎರಡು ಬೆರಳು ಬಿಡುತ್ತಿರಲಿಲ್ಲ, ವರ್ಷ ತುಂಬುವುದರೊಳಗೆ ಬಿಗಿಯಾಗುತ್ತಿದ್ದವು. ಒಂದು ಮಳೆಗಾಲ ಕಳೆದ ಮೇಲೆ ಅಮ್ಮ ಬಂದು ಹೇಳಿದಳು: “ಟೈಲರಕ್ಕ ಏಳನೇ ಪುಸ್ತಕ ಮುಗಿಸವ್ಳಂತೆ. ನೀನು ಬಂದು ಓದ್ಬೇಕಂತೆ.” ನನಗೆ ಅದು ಚುಚ್ಚುಮಾತಿನ ಹಾಗೆ ಕೇಳಿಸಿತು. ಪುನಃ ತಪ್ಪು ಹುಡುಕಿಸಲು ಕರೆಯುತ್ತಿದ್ದಾಳೆ ಅಂದುಕೊಂಡೆ. ಹೋಗಲಿಲ್ಲ.

ಡಿಗ್ರಿ ಓದುವಾಗ ಒಂದು ಸಲ ಬಸ್ಸಿನಲ್ಲಿ ಸಿಕ್ಕಳು. ನನ್ನನ್ನು ಕಂಡು ತನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ಏನು ಓದುತ್ತಿದ್ದೀ ಅಂತ ಕೇಳಿದಳು. ಇಂಗ್ಲಿಷ್ ಅಂತ ಕಿಟಕಿಯಾಚೆ ನೋಡಿಕೊಂಡು ಹೇಳಿದೆ. “ಒಳ್ಳೆದಾತ್,” ಅಂದಳು, ಮನಸ್ಸಿನಿಂದಲೇ. ಇಳಿಯುವಾಗ, “ಆ ಪುಸ್ತಕ ಹಾಂಗೇ ಉಟ್ಟು. ಪುರುಸೊತ್ತಾದಾಗ ಬಾ,” ಅಂದಳು. “ಬತ್ತೀನಿ ಅಕ್ಕ,” ಅಂದೆ. ಆ ದಿನ ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಅವಳ ಹಿಂದೆಯೇ ಇಳಿದು ಹತ್ತು ಹೆಜ್ಜೆ ನಡೆದಿದ್ದರೆ ಅಂಗಡಿ.

ಅಪ್ಪ ಕೆಲಸ ಬಿಟ್ಟ ಮೇಲೆ ನಾವು ಕುಶಾಲನಗರದ ಕಡೆಗೇ ವಾಪಸು ಬಂದೆವು. ನಾನೀಗ ಅಲ್ಲೇ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಮಕ್ಕಳ ತಪ್ಪು ತಿದ್ದಿ ಸಂಬಳ ತೆಗೆದುಕೊಳ್ಳುತ್ತೇನೆ. ಯಾರಾದರೂ ಹುಡುಗಿ ಇನ್ನೊಬ್ಬಳ ತಪ್ಪನ್ನು ಎದ್ದು ನಿಂತು ಹೇಳಿದರೆ ನನಗೆ ಅವಳನ್ನು ಹೊಗಳಲು ಆಗುವುದಿಲ್ಲ. ಕೂರು ಅನ್ನುತ್ತೇನೆ. ಯಾಕೆ ಅಂತ ಅವಳಿಗೆ ತಿಳಿಯುವುದಿಲ್ಲ.

ಹೋದ ವರ್ಷ ಬಿಟ್ಟಂಗಾಲದಿಂದ ಅಮ್ಮನಿಗೆ ಫೋನು ಬಂತು. ಟೈಲರಕ್ಕ ಹೋಗಿಬಿಟ್ಟಿದ್ದಳು. ಶ್ವಾಸಕೋಶದ ತೊಂದರೆಯಂತೆ, ಎರಡು ತಿಂಗಳು ಮಲಗಿದ್ದಳಂತೆ. ನಾನು ತಿಥಿಗೆ ಹೋದೆ. ಬದುಕಿದ್ದಾಗ ಹತ್ತು ಹೆಜ್ಜೆ ನಡೆಯದವಳು ಎರಡು ಬಸ್ಸು ಬದಲಾಯಿಸಿ ಹೋದೆ. ಅಂಗಡಿಯನ್ನು ಈಗ ಅವಳ ನಾದಿನಿ ನೋಡಿಕೊಳ್ಳುತ್ತಾರೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, “ಐತೆ ಅಂದ್ರೆ ನೀನೇನಾ?” ಅಂತ ಕೇಳಿದರು. ಮಿಷನ್ನಿನ ಡ್ರಾಯರ್ ಎಳೆದು, ಹಳದಿ ಬಟ್ಟೆಯ ಚೀಲವೊಂದನ್ನು ಕೈಗಿತ್ತರು. “ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ಮಾರಾಯ್ತಿ. ಮೊದಲು ಅವಳು ಓದ್ಬೇಕು ಅಂತಿದ್ರು.”

ಚೀಲದಲ್ಲಿ ಎರಡು ಪುಸ್ತಕ. ಆರನೆಯದರಲ್ಲಿ ನಾನು ಚೀಟಿ ಕಿತ್ತ ಪುಟಗಳು ಕಿತ್ತ ಹಾಗೆಯೇ ಇದ್ದವು. ಅವಳು ಮತ್ತೆ ಮೆತ್ತಲು ಹೋಗಿರಲಿಲ್ಲ. ನಾನು ಹೇಳಿದ್ದನ್ನು ನಿಜವೆಂದು ಒಪ್ಪಿ ಮುಂದಿನ ಪುಸ್ತಕ ಬರೆದಿದ್ದಳು.

ಏಳನೆಯದನ್ನು ನಾನು ಅದೇ ಬೆಂಚಿನಲ್ಲಿ ಕೂತು ಓದಿದೆ. ಹಾರುವ ಹುಡುಗಿ ಕಂಪನಿಯ ಕಡೆಯವಳೆಂದು ಎಲ್ಲರಿಗೂ ಗೊತ್ತಾಗಿದೆ. ಅವಳು ಒಬ್ಬಳೇ ಊರೂರು ಹಾರುತ್ತಾಳೆ, ಎಲ್ಲೂ ಇಳಿಯುವುದಿಲ್ಲ. “ನಂಗೆ ನಾಚ್ಕೆ ಐತೆ. ಅದ್ಕೇ ಆಚೆ ಬದೀಲಿ ಓಯ್ತೀನಿ,” ಅನ್ನುತ್ತಾಳೆ ಒಂದು ಚೀಟಿಯಲ್ಲಿ. ನಾನು ರಸ್ತೆ ಬದಲಿಸಿದ್ದನ್ನು ಅವಳು ಮಿಷನ್ ಮುಂದೆ ಕೂತು ದಿನಾ ನೋಡುತ್ತಿದ್ದಳು.

ಕೊನೆಯ ಪುಟದಲ್ಲಿ ಒಂದೇ ದೊಡ್ಡ ಚಿತ್ರ. ಒಡೆದ ಮನೆಯ ಬಾಗಿಲಾಚೆ ಮಳೆಯಲ್ಲಿ ಹುಡುಗಿ ನಿಂತಿದ್ದಾಳೆ. ಒಳಗೆ ಉಳಿದ ನಾಲ್ವರು. ಬಾಗಿಲ ಹತ್ತಿರ ದೈತ್ಯ, ಒಂದು ಕೈ ಮೇಲೆತ್ತಿದ್ದಾನೆ. ಹೊಡೆಯಲೋ, ಕರೆಯಲೋ, ಚಿತ್ರ ನೋಡಿದರೆ ಹೇಳಲಾಗುವುದಿಲ್ಲ. ಚೀಟಿಯ ಕೆಳಗಿನ ಇಂಗ್ಲಿಷಿನಲ್ಲಿ ಅದು ಇದ್ದೇ ಇರುತ್ತದೆ. ಪುಸ್ತಕ ಈಗ ನನ್ನ ಮನೆಯಲ್ಲಿದೆ, ಒಲೆಯ ಮೇಲೆ ದಿನಾ ನೀರು ಕುದಿಯುತ್ತದೆ. ನಾನು ಎಬ್ಬಿಸಿ ನೋಡಿಲ್ಲ, ನೋಡುವುದೂ ಇಲ್ಲ.

ಹುಡುಗಿಯ ಬಾಯಲ್ಲಿ ಮಾತಿಲ್ಲ. ದೈತ್ಯನ ಚೀಟಿಯಲ್ಲಿ ಅಕ್ಕನ ನೀಲಿ ಅಕ್ಷರ: “ಎಷ್ಟೊತ್ತು ಹೊರಗೆ? ಒಳಗೆ ಬಾ, ಕಾಪಿ ಉಟ್ಟು.”

ಹನ್ನೆರಡು ವರ್ಷ ಆ ಮಾತು ಡ್ರಾಯರಿನಲ್ಲಿ ನನಗಾಗಿ ಕಾದಿತ್ತು, ನಾನು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೆ.